ಎದೆಮೂಳೆಯ ಹಿಂದೆ ಅಡಗಿದ್ದ ಗ್ರಂಥಿ: ಶಸ್ತ್ರಚಿಕಿತ್ಸೆಯ ನಡುವೆ ಪೋರ್ಟಬಲ್ ಗಾಮಾ ಕ್ಯಾಮೆರಾ ಬಳಸಿದ ಒಂದು ಪ್ರಕರಣ

ರೋಗಿ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ 52 ವರ್ಷದ ಮಹಿಳೆಯೊಬ್ಬರು ದಾವಣಗೆರೆಯ ನಮ್ಮ ಆಸ್ಪತ್ರೆಗೆ ಮೊದಲ ಸಲ ಬಂದಾಗ ಅವರ ಪ್ಲಾಸ್ಟಿಕ್ ಚೀಲದಲ್ಲಿ ಎಂಟು ವರ್ಷಗಳ ಔಷಧಿ ಚೀಟಿಗಳಿದ್ದವು. ಅವರ ಮನೆಯಲ್ಲಿ ತಲೆಮಾರುಗಳಿಂದ ರೇಷ್ಮೆ ಸೀರೆ ನೇಯುತ್ತಾರೆ. ಗುಂಡಿಮಗ್ಗದಲ್ಲಿ ಕೂತು ಕಾಲಿನಿಂದ ಹಲಗೆ ತುಳಿಯುವಾಗ ತೊಡೆಯ ಮೂಳೆಯೊಳಗೆ ಕೊರೆದಂತಾಗುತ್ತಿತ್ತು. ಬರುಬರುತ್ತಾ ಲಾಳಿ ಎಸೆಯುವ ಕೈಯೂ ಸೋಲತೊಡಗಿತ್ತು. 'ನೀರಿನ ನೋವು ಸಾರ್, ನಮ್ಮೂರಾಗೆ ಎಲ್ರಿಗೂ ಐತೆ' ಎಂದು ಅವರು ತಾವೇ ರೋಗದ ಹೆಸರನ್ನೂ ಹೇಳಿಬಿಟ್ಟರು.

ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಮೊಳಕಾಲ್ಮುರು, ಚಳ್ಳಕೆರೆ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನದಂಡ. ರೋಗಿಯ ಮುಂದಿನ ಹಲ್ಲುಗಳ ಮೇಲೆ ಬಾಲ್ಯದಿಂದಲೂ ಕಂದು ಪಟ್ಟೆಗಳಿದ್ದವು. ಆ ಪಟ್ಟೆ ಕಂಡವರೆಲ್ಲ ಮೂಳೆನೋವಿಗೂ ಅದೇ ಕಾರಣವೆಂದು ತೀರ್ಮಾನಿಸಿ ನೋವಿನ ಮಾತ್ರೆ ಬರೆದು ಕಳಿಸಿದ್ದರು. ಆದರೆ ಅದೇ ಚೀಲದಲ್ಲಿ ಎರಡು ಸಲ ಮೂತ್ರಪಿಂಡದ ಕಲ್ಲು ತೆಗೆಸಿದ ದಾಖಲೆಗಳೂ ಇದ್ದವು, ಮತ್ತು ಕಲ್ಲು ಹಾಗೂ ಮೂಳೆನೋವನ್ನು ಯಾರೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿರಲಿಲ್ಲ.

ಕೈಗಳ ಎಕ್ಸ್‌ರೇ ಬೇರೆಯೇ ಕಥೆ ಹೇಳಿತು. ಫ್ಲೋರೈಡ್ ಹೆಚ್ಚಾಗಿ ಬರುವ ಫ್ಲೋರೋಸಿಸ್‌ನಲ್ಲಿ ಮೂಳೆ ಸಾಮಾನ್ಯವಾಗಿ ದಟ್ಟವಾಗಿ, ಬೆಳ್ಳಗೆ ಕಾಣುತ್ತದೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿರುತ್ತದೆ. ಇವರ ಮೂಳೆಗಳು ತೆಳುವಾಗಿದ್ದವು, ಪೊರೆ ಸ್ವಚ್ಛವಾಗಿತ್ತು, ಬೆರಳುಗಳ ನಡುಗೆಣ್ಣಿನ ಮೂಳೆಯ ಅಂಚು ಹೆಬ್ಬೆರಳಿನ ಕಡೆಯಿಂದ ಗೆದ್ದಲು ತಿಂದಂತೆ ಕರಗಿತ್ತು. ಇದು ಪ್ಯಾರಾಥೈರಾಯ್ಡ್ ಹಾರ್ಮೋನ್ (ಪಿಟಿಎಚ್) ಅತಿಯಾದಾಗ ಕಾಣುವ ಗುರುತು. ಥೈರಾಯ್ಡಿನ ಹಿಂದಿರುವ, ಸಾಮಾನ್ಯವಾಗಿ ನಾಲ್ಕು, ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಈ ಹಾರ್ಮೋನಿನಿಂದ ರಕ್ತದ ಕ್ಯಾಲ್ಸಿಯಂ ಅಳತೆ ಕಾಯುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಡೆಸಿಲೀಟರಿಗೆ 12.4 ಮಿಲಿಗ್ರಾಂ, ರಂಜಕ 2.1, ಪಿಟಿಎಚ್ ಮಿಲಿಲೀಟರಿಗೆ 486 ಪಿಕೋಗ್ರಾಂ, ವಿಟಮಿನ್ ಡಿ 14 ನ್ಯಾನೋಗ್ರಾಂ ಇದ್ದವು. ಮೂಳೆ ಸವೆತದ ಸುಳಿವು ಕೊಡುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಸಾಮಾನ್ಯಕ್ಕಿಂತ ನಾಲ್ಕು ಪಟ್ಟು ಏರಿತ್ತು. ಪಿಟಿಎಚ್ ಸಾಮಾನ್ಯವಾಗಿ 65 ದಾಟುವುದಿಲ್ಲ, ಕ್ಯಾಲ್ಸಿಯಂ ಏರಿದಾಗಲಂತೂ ಅದು ತಾನಾಗಿಯೇ ಇಳಿಯಬೇಕು. ಎರಡೂ ಒಟ್ಟಿಗೆ ಏರಿರುವುದರಿಂದ ಗ್ರಂಥಿಯೊಂದು ಅಂಕೆ ಮೀರಿ ಬೆಳೆದಿದೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಮೊದಲ ಶಸ್ತ್ರಚಿಕಿತ್ಸೆ

ಮೊದಲ ಶಸ್ತ್ರಚಿಕಿತ್ಸೆ ಮಾಡಿದವನು ನಾನೇ, ಅದು ವಿಫಲವಾಯಿತು. ಯಾಕೆಂದು ಬಿಡಿಸಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅಲ್ಟ್ರಾಸೌಂಡ್‌ನಲ್ಲಿ ಥೈರಾಯ್ಡಿನ ಎಡ ಹಾಲೆಯ ಕೆಳತುದಿಗೆ ಅಂಟಿದಂತೆ 9 ಮಿಲಿಮೀಟರಿನ ಗಂಟು ಕಂಡಿತ್ತು. ಸೆಸ್ಟಾಮಿಬಿ ಸ್ಕ್ಯಾನ್‌ನಲ್ಲೂ ಅದೇ ಜಾಗ ತುಸು ಹೊಳೆದಿತ್ತು. ಗಾಮಾ ಕಿರಣ ಹೊಮ್ಮಿಸುವ ಟೆಕ್ನೀಷಿಯಂ-99ಎಂ ಬೆರೆಸಿದ ಈ ಔಷಧಿ ಜೀವಕೋಶದ ಮೈಟೋಕಾಂಡ್ರಿಯಾಗಳಲ್ಲಿ ನೆಲೆಸುತ್ತದೆ. ಥೈರಾಯ್ಡಿನಿಂದ ಬೇಗ ತೊಳೆದುಹೋಗುತ್ತದೆ, ಬೆಳೆದ ಪ್ಯಾರಾಥೈರಾಯ್ಡಿನಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಹಾಗಾಗಿ ಹತ್ತು-ಹದಿನೈದು ನಿಮಿಷಕ್ಕೊಂದು, ಎರಡು ಗಂಟೆಯ ನಂತರ ಇನ್ನೊಂದು ಚಿತ್ರ ತೆಗೆದು ಹೋಲಿಸುತ್ತೇವೆ. ಆದರೆ ಮೈಟೋಕಾಂಡ್ರಿಯಾ ಹೆಚ್ಚಿರುವ ಥೈರಾಯ್ಡ್ ಗಂಟೂ ಹೀಗೆಯೇ ಔಷಧಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ನಾನು ತೆಗೆದದ್ದು ಅಂಥದೊಂದು ಗಂಟನ್ನೇ. ಬಯಾಪ್ಸಿ ವರದಿಯಲ್ಲಿ ಪ್ಯಾರಾಥೈರಾಯ್ಡ್ ಎಂಬ ಪದವೇ ಇರಲಿಲ್ಲ, ಮೂರನೆಯ ದಿನವೂ ಕ್ಯಾಲ್ಸಿಯಂ 12.1ರಲ್ಲೇ ನಿಂತಿತ್ತು.

ಹಳೆಯ ಸ್ಕ್ಯಾನನ್ನು ಮತ್ತೆ ಪರದೆಯ ಮೇಲೆ ಹಾಕಿಸಿ ನೋಡಿದಾಗ ನಾಚಿಕೆಯಾಯಿತು. ಚಿತ್ರದ ಚೌಕಟ್ಟು ಎದೆಮೂಳೆಯ ಮೇಲ್ತುದಿಗೇ ಮುಗಿದಿತ್ತು. ಪ್ಯಾರಾಥೈರಾಯ್ಡ್ ಹುಡುಕುವಾಗ ದವಡೆಯಿಂದ ಹೃದಯದವರೆಗೆ ಚಿತ್ರ ಇರಬೇಕೆಂಬುದು ವಿದ್ಯಾರ್ಥಿಗಳಿಗೆ ನಾನೇ ಹೇಳುವ ಪಾಠ. ನಾಲ್ಕರಲ್ಲಿ ಕೆಳಗಿನ ಎರಡು ಗ್ರಂಥಿಗಳು ಭ್ರೂಣದಲ್ಲಿ, ಎದೆಮೂಳೆಯ ಹಿಂದೆ ನೆಲೆಸುವ ಥೈಮಸ್ ಎಂಬ ಅಂಗದ ಜೊತೆ ಹುಟ್ಟಿ ಅದರ ಜೊತೆಯಲ್ಲೇ ಕೆಳಗಿಳಿಯುತ್ತವೆ. ಕೆಲವೊಮ್ಮೆ ಕತ್ತಿನಲ್ಲಿ ನಿಲ್ಲದೆ ಥೈಮಸ್‌ನೊಂದಿಗೆ ಎದೆಗೂಡಿನೊಳಕ್ಕೂ ಹೋಗಿಬಿಡುತ್ತವೆ. ಚಾರ್ಲ್ಸ್ ಮಾರ್ಟೆಲ್ ಎಂಬ ಅಮೆರಿಕದ ಹಡಗಿನ ಕಪ್ತಾನನ ಕತ್ತನ್ನು ಆರು ಸಲ ಕೊಯ್ದರೂ ಗ್ರಂಥಿ ಸಿಗದೆ, 1932ರಲ್ಲಿ ಬಾಸ್ಟನ್‌ನಲ್ಲಿ ಏಳನೆಯ ಸಲ ಎದೆ ತೆರೆದಾಗ ಸಿಕ್ಕಿತ್ತು. ತೊಂಬತ್ತು ವರ್ಷ ಹಳೆಯ ಆ ಪಾಠವನ್ನು ನಾನು ಒಬ್ಬ ನೇಕಾರ ಹೆಂಗಸಿನ ಖರ್ಚಿನಲ್ಲಿ ಮತ್ತೆ ಕಲಿತೆ. ನಡೆದದ್ದನ್ನು ಅವರಿಗೂ ಅವರ ಮಗನಿಗೂ ಮುಚ್ಚುಮರೆಯಿಲ್ಲದೆ ಹೇಳಿದೆ. ಮಗ ಬಹಳ ಹೊತ್ತು ಮಾತಾಡಲಿಲ್ಲ. ತಾಯಿ ಮಾತ್ರ 'ಇನ್ನೊಂದ್ ಸಲ ನೀವೇ ನೋಡ್ರಿ' ಎಂದರು.

ಎರಡನೆಯ ಸಲದ ಸಿದ್ಧತೆ

ಒಮ್ಮೆ ಕೊಯ್ದ ಕತ್ತನ್ನು ಮತ್ತೆ ಕೊಯ್ಯುವುದು ಬೇರೆಯೇ ಕೆಲಸ. ಪದರಗಳು ಒಂದಕ್ಕೊಂದು ಅಂಟಿರುತ್ತವೆ, ಧ್ವನಿಪೆಟ್ಟಿಗೆಯ ನರ ತನ್ನ ಜಾಗದಲ್ಲಿ ಕಾಣುವುದಿಲ್ಲ, ಕೊಬ್ಬು ಮತ್ತು ಗ್ರಂಥಿಯ ಬಣ್ಣದ ವ್ಯತ್ಯಾಸ ಗಾಯದ ಕಲೆಯಲ್ಲಿ ಮಾಸಿಹೋಗಿರುತ್ತದೆ. ಆದ್ದರಿಂದ ಒಳಗೆ ಹೋಗುವ ಮೊದಲೇ ಜಾಗ ಖಚಿತವಾಗಬೇಕು. ನಮ್ಮ ವಿಭಾಗದಲ್ಲಿರುವುದು ಹಳೆಯ ಮಾದರಿಯ ಚಪ್ಪಟೆ ಚಿತ್ರದ ಗಾಮಾ ಕ್ಯಾಮೆರಾ ಮಾತ್ರವಾದ್ದರಿಂದ ರೋಗಿಯನ್ನು, ಗ್ರಂಥಿಯ ಜಾಗವನ್ನು ಮೂರು ಆಯಾಮದಲ್ಲಿ ತೋರಿಸುವ ಸ್ಪೆಕ್ಟ್-ಸಿಟಿ ಸ್ಕ್ಯಾನಿಗಾಗಿ ಬೆಂಗಳೂರಿಗೆ ಕಳಿಸಿದೆವು. ಎದೆಮೂಳೆಯ ಮೇಲಂಚಿನಿಂದ 3 ಸೆಂಟಿಮೀಟರ್ ಕೆಳಗೆ, ನಡುಗೆರೆಯಿಂದ ತುಸು ಎಡಕ್ಕೆ, ಮೂಳೆಯ ಹಿಂದೆ ಒಂದು ಚುಕ್ಕೆ ಸ್ಪಷ್ಟವಾಗಿ ಹೊಳೆಯಿತು.

ಇಷ್ಟು ತಿಳಿದ ಮೇಲೆ ಓಟಿಯೊಳಗೆ (ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ) ಮತ್ತೊಂದು ಕ್ಯಾಮೆರಾ ಏಕೆ ಎಂದು ನಮ್ಮ ಅರಿವಳಿಕೆ ತಜ್ಞರೇ ಕೇಳಿದರು. ಸ್ಕ್ಯಾನ್ ತೆಗೆಯುವಾಗ ರೋಗಿ ತಲೆಯನ್ನು ನೇರವಾಗಿಟ್ಟು ಮಲಗಿರುತ್ತಾರೆ, ಓಟಿಯಲ್ಲಿ ಭುಜದ ಕೆಳಗೆ ದಿಂಬಿಟ್ಟು ಕತ್ತನ್ನು ಹಿಂದಕ್ಕೆ ಬಾಗಿಸುತ್ತೇವೆ. ಆಗ ಎದೆಗೂಡಿನ ಮೇಲ್ಭಾಗದಲ್ಲಿರುವ ಮೆದು ಅಂಗಾಂಶವೆಲ್ಲ ಮೇಲಕ್ಕೆ ಎಳೆದುಕೊಳ್ಳುತ್ತದೆ, ಬೆಂಗಳೂರಿನ ಅಳತೆ ದಾವಣಗೆರೆಯ ಮೇಜಿನ ಮೇಲೆ ತಪ್ಪಾಗುತ್ತದೆ. ಇದೊಂದು ಕಾರಣ. ಇನ್ನೊಂದು ನನ್ನೊಳಗಿನದು: ಒಮ್ಮೆ ತಪ್ಪಿದ ಕೈಗೆ, ತೆಗೆದ ತುಂಡು ಸರಿಯಾದದ್ದೇ ಎಂದು ಹೊಲಿಗೆ ಹಾಕುವ ಮೊದಲೇ ಯಾರಾದರೂ ಹೇಳಬೇಕಿತ್ತು. ಕೊರಳಿನ ರಕ್ತದಲ್ಲಿ ಪಿಟಿಎಚ್ ನೋಡುವುದು ಅದಕ್ಕೆ ರೂಢಿಯ ದಾರಿ, ಏಕೆಂದರೆ ಆ ಹಾರ್ಮೋನಿನ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯುವ ಹೊತ್ತು) ಕೆಲವೇ ನಿಮಿಷ, ಸರಿಯಾದ ಗ್ರಂಥಿ ಹೊರಬಂದರೆ ಅದು ಕೂಡಲೇ ಇಳಿಯುತ್ತದೆ. ಆದರೆ ತ್ವರಿತ ಪರೀಕ್ಷೆಯ ಯಂತ್ರ ನಮ್ಮಲ್ಲಿಲ್ಲ. ಮಾಮೂಲಿ ಯಂತ್ರದಿಂದ ಉತ್ತರ ಬರಲು ಮುಕ್ಕಾಲು ಗಂಟೆ ಬೇಕು.

ಪೋರ್ಟಬಲ್ ಕ್ಯಾಮೆರಾವನ್ನು ಮಾರಾಟಗಾರರೊಬ್ಬರು ಪ್ರದರ್ಶನಕ್ಕೆಂದು ಎರಡು ವಾರ ಕೊಟ್ಟಿದ್ದರು. ಹ್ಯಾಲ್ ಆಂಗರ್ 1950ರ ದಶಕದಲ್ಲಿ ಬರ್ಕ್ಲಿಯಲ್ಲಿ ರೂಪಿಸಿದ ಗಾಮಾ ಕ್ಯಾಮೆರಾದ ತತ್ವವೇ ಇದರಲ್ಲೂ ಇದೆ: ಗಾಮಾ ಕಿರಣ ಹರಳಿಗೆ ಬಿದ್ದರೆ ಬೆಳಕಿನ ಮಿಂಚು, ಆ ಮಿಂಚು ಎಲ್ಲಿ ಬಿತ್ತೆಂಬ ಲೆಕ್ಕವೇ ಚಿತ್ರ. ಕೋಣೆ ತುಂಬುವ ಯಂತ್ರ ಇಲ್ಲಿ ಒಂದು ಕಂಬಕ್ಕೆ ಸಿಕ್ಕಿಸಿದ, ಅಂಗೈಯಗಲದ ಹರಳಿನ ತಲೆಯಾಗಿದೆ. ಅದರ ಮುಂದೆ ಸೀಸದಂಥ ಭಾರ ಲೋಹದ ಮುಚ್ಚಳ, ಮುಚ್ಚಳದಲ್ಲಿ ಒಂದು ಸೂಜಿರಂಧ್ರ. ಸೂಜಿರಂಧ್ರದ ಗುಣದೋಷ ಎರಡನ್ನೂ ಅರಿತಿರಬೇಕು. ಹತ್ತಿರ ಹಿಡಿದರೆ ಸಣ್ಣ ಜಾಗ ದೊಡ್ಡದಾಗಿ ಕಾಣುತ್ತದೆ, ದೂರ ಹಿಡಿದರೆ ಕತ್ತೆಲ್ಲ ಒಂದೇ ಚಿತ್ರದಲ್ಲಿ ಬರುತ್ತದೆ. ಆದರೆ ದೂರ ಮೂರು ಪಟ್ಟಾದರೆ ಹರಳಿಗೆ ತಲುಪುವ ಕಿರಣ ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ.

ದಿನಾಂಕ ಗೊತ್ತುಮಾಡಿದ್ದು ನಮ್ಮ ಪುರುಸೊತ್ತು ನೋಡಿ ಅಲ್ಲ, ಟೆಕ್ನೀಷಿಯಂ ಕೊಡುವ ಜನರೇಟರ್ ಎಂಬ ಸೀಸದ ಪಾತ್ರೆ ಬರುವ ದಿನ ನೋಡಿ. ಹಾಲು ಕರೆದಂತೆ ಟೆಕ್ನೀಷಿಯಂ ಕರೆದುಕೊಳ್ಳುವ ಆ ಪಾತ್ರೆಯೊಳಗಿನ ಮಾಲಿಬ್ಡಿನಮ್-99ರ ಅರ್ಧಾಯುಷ್ಯ 66 ಗಂಟೆ. ವಾರ ಕಳೆದರೆ ಆರನೆಯ ಒಂದು ಪಾಲು ಉಳಿದರೆ ಹೆಚ್ಚು. ಅದರಿಂದ ಕರೆದ ಟೆಕ್ನೀಷಿಯಂ ಆರು ಗಂಟೆಗೊಮ್ಮೆ ಅರ್ಧವಾಗುತ್ತದೆ. ಹಾಗಾಗಿ ಜನರೇಟರ್ ಬಂದ ಮರುದಿನವೇ, ಓಟಿಯ ಮೊದಲ ಪ್ರಕರಣವಾಗಿ ಇದನ್ನು ಇಟ್ಟುಕೊಂಡೆವು. ಓಟಿಯಲ್ಲಿ ವಿಕಿರಣ ವಸ್ತು ಬಳಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಬೇಕಾದ ಅನುಮತಿ, ಬ್ಯಾಡ್ಜ್, ತ್ಯಾಜ್ಯದ ಡಬ್ಬಿಗಳ ವ್ಯವಸ್ಥೆಯನ್ನು ವಿಕಿರಣ ಸುರಕ್ಷತಾ ಅಧಿಕಾರಿ ನೋಡಿಕೊಂಡರು. ಗರ್ಭಿಣಿಯಾಗಿದ್ದ ನರ್ಸ್ ಒಬ್ಬರನ್ನು ಆ ದಿನ ಪಕ್ಕದ ಓಟಿಗೆ ಹಾಕಿದೆವು. ಅಪಾಯ ತೀರಾ ಕಡಿಮೆಯೆಂದು ಗೊತ್ತಿದ್ದರೂ ಅವರ ಮನಸ್ಸಿನ ನೆಮ್ಮದಿಗೆ ಅದು ಬೇಕಿತ್ತು.

ಓಟಿಯಲ್ಲಿ

ಬೆಳಿಗ್ಗೆ 7.30ಕ್ಕೆ 10 ಮಿಲಿಕ್ಯೂರಿ, ಎಂದರೆ 370 ಮೆಗಾಬೆಕೆರೆಲ್ ಸೆಸ್ಟಾಮಿಬಿಯನ್ನು ರಕ್ತನಾಳಕ್ಕೆ ಕೊಟ್ಟೆವು. ಥೈರಾಯ್ಡಿನಿಂದ ಔಷಧಿ ತೊಳೆದುಹೋಗಲು ಎರಡು ಗಂಟೆ ಬಿಟ್ಟು, ರೋಗಿಗೆ ಅರಿವಳಿಕೆ ಕೊಟ್ಟು ಕತ್ತು ಬಾಗಿಸಿದ ಮೇಲೆ, ಶುದ್ಧೀಕರಿಸಿದ ಪ್ಲಾಸ್ಟಿಕ್ ಚೀಲ ತೊಡಿಸಿದ ಕ್ಯಾಮೆರಾವನ್ನು ಮೇಲೆ ತಂದು ಮೊದಲ ಚಿತ್ರ ತೆಗೆದೆವು.

ಪರದೆಯ ಮೇಲೆ ಬಲಮೇಲ್ಭಾಗದಲ್ಲಿ ಒಂದು ಚುಕ್ಕೆ. ಬೆಂಗಳೂರಿನ ವರದಿ ಎಡ, ಕೆಳಗೆ ಎನ್ನುತ್ತಿತ್ತು. ಒಂದು ಕ್ಷಣ ಎಲ್ಲರೂ ಸುಮ್ಮನಾದೆವು. ಹಳೆಯ ತಪ್ಪು ಮನಸ್ಸಿನಲ್ಲಿದ್ದರಿಂದ ನಾನಂತೂ ಬಲಗಡೆಯೇ ಇನ್ನೊಂದು ಗ್ರಂಥಿ ಇದೆಯೇನೋ ಎಂದು ಯೋಚಿಸತೊಡಗಿದ್ದೆ. ಆಗ ನಮ್ಮ ತಂತ್ರಜ್ಞೆ ಏನೂ ಹೇಳದೆ ಕೋಬಾಲ್ಟ್-57 ಇರುವ ಗುರುತು ಪೆನ್ನನ್ನು ಕವರಿನೊಳಗಿಟ್ಟು ರೋಗಿಯ ಎಡ ಕಾಲರ್ ಮೂಳೆಯ ಮೇಲೆ ಹಿಡಿದರು. ಪರದೆಯಲ್ಲಿ ಪೆನ್ನು ಬಲಕ್ಕೆ ಬಂತು. ಅದನ್ನು ಕೆಳಗೆ ಸರಿಸಿದರು, ಪರದೆಯಲ್ಲಿ ಮೇಲಕ್ಕೆ ಹೋಯಿತು. ಚೀಲ ತೊಡಿಸುವಾಗ ಕ್ಯಾಮೆರಾದ ತಲೆ ಅರ್ಧ ಸುತ್ತು ತಿರುಗಿಬಿಟ್ಟಿತ್ತು, ಅಷ್ಟೇ. ತಲೆಯನ್ನು ಸರಿಯಾಗಿ ತಿರುಗಿಸಿದ ಕೂಡಲೇ ಚುಕ್ಕೆ ಎಡಕ್ಕೆ, ಕೆಳಕ್ಕೆ ಬಂತು. ಪೆನ್ನಿನಿಂದ ಎಡಬಲ, ಮೇಲೆಕೆಳಗೆ ಪರೀಕ್ಷಿಸುವ ಆ ಅರ್ಧ ನಿಮಿಷದ ಕೆಲಸವನ್ನು ನನ್ನ ಲೆಕ್ಕದಲ್ಲಿ ಯಾರೂ, ಯಾವ ಕಾರಣಕ್ಕೂ ಬಿಡಬಾರದು. ಯಂತ್ರದ ಪರದೆ ತಪ್ಪನ್ನೂ ಅಷ್ಟೇ ಚಂದವಾಗಿ ತೋರಿಸುತ್ತದೆ.

ಎರಡನೆಯ ತೊಡಕು ಹೃದಯದ್ದು. ಹೃದಯದ ಸ್ನಾಯು ಸೆಸ್ಟಾಮಿಬಿಯನ್ನು ಧಾರಾಳವಾಗಿ ಹೀರುತ್ತದೆ. ಕ್ಯಾಮೆರಾವನ್ನು ಎದೆಯ ಮೇಲೆ ನೇರವಾಗಿ ನಿಲ್ಲಿಸಿದರೆ ಕೆಳಗಿನಿಂದ ಬೆಳ್ಳನೆಯ ಮಬ್ಬು ಏರಿ ಚುಕ್ಕೆಯ ಅಂಚನ್ನು ನುಂಗುತ್ತಿತ್ತು. ಕ್ಯಾಮೆರಾದ ತಲೆಯನ್ನು ಎದೆಯ ಕಡೆಯಿಂದ ಗಲ್ಲದ ಕಡೆಗೆ ಓರೆಯಾಗಿ ತಿರುಗಿಸಿದಾಗ ಹೃದಯ ಚೌಕಟ್ಟಿನಿಂದ ಹೊರಗೆ ಹೋಯಿತು, ಚುಕ್ಕೆ ಒಂಟಿಯಾಗಿ ಉಳಿಯಿತು. ಗುರುತು ಪೆನ್ನಿನಿಂದ ಅಳೆದಾಗ ಅದು ಎದೆಮೂಳೆಯ ಮೇಲಂಚಿನಿಂದ ಒಂದೂವರೆ ಸೆಂಟಿಮೀಟರ್ ಮಾತ್ರ ಕೆಳಗಿತ್ತು. ಕತ್ತು ಬಾಗಿಸಿದ್ದರಿಂದ ಗ್ರಂಥಿ ಅರ್ಧ ದಾರಿ ಮೇಲೆ ಬಂದಿತ್ತು. ಎದೆಮೂಳೆ ಸೀಳದೆ ಕತ್ತಿನ ಹಳೆಯ ಗಾಯದಿಂದಲೇ ತಲುಪಬಹುದೆಂದು ನಿರ್ಧರಿಸಲು ಆ ಒಂದೂವರೆ ಸೆಂಟಿಮೀಟರೇ ಆಧಾರವಾಯಿತು.

ಹಳೆಯ ಕಲೆಯನ್ನು ಬಿಡಿಸಿ, ನರವನ್ನು ಗುರುತಿಸಿ, ಥೈಮಸ್‌ನ ಎಡ ನಾಲಗೆಯನ್ನು ಕತ್ತಿನ ಕಡೆಗೆ ಮೆಲ್ಲಗೆ ಎಳೆಯತೊಡಗಿದೆ. ಅದು ಹಸಿ ಬೆಣ್ಣೆಯಂಥ ಅಂಗಾಂಶ. ಎಳೆತ ತುಸು ಹೆಚ್ಚಾದರೂ ಹರಿಯುತ್ತದೆ. ಹರಿಯಿತು. ನಾಲ್ಕು ಸೆಂಟಿಮೀಟರಿನ ತುಂಡು ಕೈಗೆ ಬಂತು, ಅದರೊಳಗೆ ಕಡಲೆಕಾಳಿನಷ್ಟು ಗಟ್ಟಿಯಾದ ಒಂದು ಗಂಟೂ ಬೆರಳಿಗೆ ತಾಗಿತು. ಹಿಂದಿನ ಸಲ ಇಂಥ ಗಂಟು ಸಿಕ್ಕಾಗಲೇ ನಾನು ಹೊಲಿಗೆಗೆ ಕೈ ಹಾಕಿದ್ದೆ. ಈ ಸಲ ತುಂಡನ್ನು ರೋಗಿಯಿಂದ ದೂರ, ಪಕ್ಕದ ಮೇಜಿನ ಮೇಲಿಟ್ಟು ಕ್ಯಾಮೆರಾ ತಿರುಗಿಸಿದೆವು. ಒಂದು ನಿಮಿಷ ಕಳೆದರೂ ಪರದೆ ಕಪ್ಪಾಗಿಯೇ ಇತ್ತು. ಕ್ಯಾಮೆರಾವನ್ನು ಕತ್ತಿಗೆ ಮರಳಿ ತಂದರೆ ಚುಕ್ಕೆ ಇದ್ದಲ್ಲೇ ಇತ್ತು. ಆ ಗಂಟು ಬರೀ ಲಿಂಫ್ ಗ್ರಂಥಿಯೆಂದು ಆಮೇಲೆ ಬಯಾಪ್ಸಿ ಹೇಳಿತು. ಇಡೀ ಪ್ರಕರಣದಲ್ಲಿ ಈ ಯಂತ್ರ ತನ್ನ ಬೆಲೆ ತೀರಿಸಿದ ಗಳಿಗೆ ಇದೇ ಎಂಬುದು ನನ್ನ ಅಭಿಪ್ರಾಯ. ಗ್ರಂಥಿ ಎಲ್ಲಿದೆ ಎಂದು ತೋರಿಸುವ ದಾರಿಗಳು ಬೇರೆಯೂ ಇವೆ; ಕೈಯಲ್ಲಿರುವುದು ಅದಲ್ಲ ಎಂದು ಒಂದೇ ನಿಮಿಷದಲ್ಲಿ ಹೇಳುವ ದಾರಿ ನಮ್ಮ ಓಟಿಯಲ್ಲಿ ಬೇರೆ ಇರಲಿಲ್ಲ.

ಇನ್ನು ಆಳದ ಪ್ರಶ್ನೆ. ಚಪ್ಪಟೆ ಚಿತ್ರಕ್ಕೆ ಆಳ ಗೊತ್ತಿಲ್ಲ. ಆದರೆ ಸೂಜಿರಂಧ್ರದ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿದರೆ ಹತ್ತಿರದ ವಸ್ತು ಪರದೆಯಲ್ಲಿ ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ಬಸ್ಸಿನ ಕಿಟಕಿಯಲ್ಲಿ ಮೈಲಿಗಲ್ಲು ಓಡಿದಷ್ಟು ದೂರದ ಗುಡ್ಡ ಓಡದಿರುವ ಹಾಗೆ. ರಂಧ್ರದಿಂದ ಚರ್ಮಕ್ಕೆ 8 ಸೆಂಟಿಮೀಟರ್ ಇರುವಂತೆ ನಿಲ್ಲಿಸಿ, ಚರ್ಮದ ಮೇಲೆ ಗುರುತು ಪೆನ್ನಿಟ್ಟು, ಕ್ಯಾಮೆರಾವನ್ನು ಅದೇ ಎತ್ತರದಲ್ಲಿ ಎಡಕ್ಕೆ ಸರಿಸಿ ಎರಡು ಚಿತ್ರ ತೆಗೆದೆವು. ಪರದೆಯ ಮೇಲೆ ಪೆನ್ನು ಮೂರು ಪಾಲು ಸರಿದರೆ ಚುಕ್ಕೆ ಎರಡು ಪಾಲು ಸರಿದಿತ್ತು. ಹಾಗಾದರೆ ಚುಕ್ಕೆಯ ದೂರ ಎಂಟರ ಒಂದೂವರೆ ಪಟ್ಟು, ಅಂದರೆ 12 ಸೆಂಟಿಮೀಟರ್. ಚರ್ಮದಿಂದ ಆಳ 4 ಸೆಂಟಿಮೀಟರ್. ಲೆಕ್ಕವನ್ನು ತಂತ್ರಜ್ಞೆ ಕೈಗವಸಿನ ಖಾಲಿ ಪೊಟ್ಟಣದ ಮೇಲೆ ಬರೆದು ತೋರಿಸಿದರು.

ಆ ಆಳದಲ್ಲಿ ಎಡದಿಂದ ಬಲಕ್ಕೆ ಹಾಯುವ ಬ್ರೇಕಿಯೊಸೆಫಾಲಿಕ್ ಅಭಿಧಮನಿ ಇರುತ್ತದೆ. ಅದಕ್ಕೆ ಗಾಯವಾದರೆ ಕತ್ತಿನಿಂದ ರಕ್ತಸ್ರಾವ ನಿಲ್ಲಿಸುವುದು ಬಹಳ ಕಷ್ಟ. ಎದೆ ಶಸ್ತ್ರಚಿಕಿತ್ಸಕರನ್ನು ಓಟಿಯ ಬಾಗಿಲಿಗೆ ಕರೆಸಿಕೊಂಡ ಮೇಲೆಯೇ ಮುಂದುವರಿದೆ. ಥೈಮಸ್‌ನ ಉಳಿದ ಭಾಗವನ್ನು ಎರಡು ಹಿಡಿಕೆಗಳಿಂದ ಸರದಿಯಂತೆ ಹಿಡಿದು ಮೇಲೆ ತರುತ್ತಾ, ಬೆರಳನ್ನು ಎದೆಮೂಳೆಯ ಹಿಂಬದಿಗೆ ಆನಿಸಿಕೊಂಡು ಇಳಿಸಿದಾಗ ನುಣುಪಾದ, ಮೆತ್ತನೆಯ ಉಬ್ಬೊಂದು ಸಿಕ್ಕಿತು. ಅಭಿಧಮನಿಯ ಮುಂಭಾಗಕ್ಕೆ ತಾಗಿಕೊಂಡಿದ್ದ ಅದನ್ನು ಬಿಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಹೊರಬಂದದ್ದು ಕಂದುಗೆಂಪು ಬಣ್ಣದ, 19 ಮಿಲಿಮೀಟರ್ ಉದ್ದದ, 1.7 ಗ್ರಾಂ ತೂಕದ ಗ್ರಂಥಿ. ಆರೋಗ್ಯವಂತ ಪ್ಯಾರಾಥೈರಾಯ್ಡ್ ತೂಗುವುದು 30ರಿಂದ 50 ಮಿಲಿಗ್ರಾಂ. ಪಕ್ಕದ ಮೇಜಿನ ಮೇಲೆ ಅದು ಕೆಂಡದಂತೆ ಹೊಳೆಯಿತು.

ಬಳಿಕ ಖಾಲಿ ಜಾಗದ ಚಿತ್ರ. ಏನೂ ಕಾಣಲಿಲ್ಲ. ಖಾಲಿ ಪರದೆಯನ್ನು ನಂಬುವ ಮೊದಲು ಪೆನ್ನನ್ನು ಮತ್ತೆ ಆ ಜಾಗದ ಮೇಲೆ ಹಿಡಿದು, ಕ್ಯಾಮೆರಾ ನಿಜವಾಗಿಯೂ ಅಲ್ಲಿಗೇ ನೋಡುತ್ತಿದೆಯೆಂದು ಖಚಿತಪಡಿಸಿಕೊಂಡೆವು. ಹಾಗಿದ್ದರೂ ಪಿಟಿಎಚ್ ಉತ್ತರ ಬರುವವರೆಗೆ ರೋಗಿಯನ್ನು ಎಬ್ಬಿಸಲಿಲ್ಲ. ಒಂದು ಗ್ರಂಥಿ ಜೋರಾಗಿ ಹೊಳೆಯುವಾಗ ಸ್ವಲ್ಪವೇ ಬೆಳೆದ ಎರಡನೆಯದು ಚಿತ್ರದಲ್ಲಿ ಕಾಣದೇ ಹೋಗಬಹುದು; ಆ ಪ್ರಶ್ನೆಗೆ ಉತ್ತರ ಕೊಡುವುದು ರಕ್ತವೇ ಹೊರತು ಕ್ಯಾಮೆರಾ ಅಲ್ಲ. ಗ್ರಂಥಿ ತೆಗೆಯುವ ಮೊದಲು 512 ಇದ್ದ ಪಿಟಿಎಚ್ ತೆಗೆದ ಹತ್ತು ನಿಮಿಷಕ್ಕೆ 61ಕ್ಕೆ ಇಳಿದಿತ್ತು. ಅರ್ಧಕ್ಕಿಂತ ಕೆಳಗಿಳಿದರೆ ಸಾಕೆಂಬುದು ರೂಢಿಯ ಅಳತೆ. ರಕ್ತಮೆತ್ತಿದ ಹತ್ತಿ, ಗಾಜ್‌ಗಳನ್ನು ಹತ್ತು ಅರ್ಧಾಯುಷ್ಯ ಕಳೆಯಲೆಂದು 60 ಗಂಟೆ ಸೀಸದ ಡಬ್ಬಿಯಲ್ಲಿಟ್ಟು, ಅಳೆದು ನೋಡಿ ಮಾಮೂಲಿ ವೈದ್ಯಕೀಯ ತ್ಯಾಜ್ಯಕ್ಕೆ ಸೇರಿಸಿದೆವು.

ನಂತರದ ದಿನಗಳು

ಮೂಳೆ ಇಷ್ಟು ಸವೆದವರಲ್ಲಿ ಗ್ರಂಥಿ ಹೊರಬಿದ್ದ ಮೇಲೆ ಮೂಳೆಗಳು ರಕ್ತದ ಕ್ಯಾಲ್ಸಿಯಮನ್ನು ಹಸಿದಂತೆ ಎಳೆದುಕೊಳ್ಳುತ್ತವೆ. ಆಲ್ಕಲೈನ್ ಫಾಸ್ಫಟೇಸ್ ಮೊದಲೇ ಎಚ್ಚರಿಸಿತ್ತು. ಎರಡನೆಯ ರಾತ್ರಿ ತುಟಿಯ ಸುತ್ತ ಜುಮುಗುಟ್ಟತೊಡಗಿ ಬೆರಳುಗಳು ಸೆಟೆದುಕೊಂಡವು, ಕ್ಯಾಲ್ಸಿಯಂ 7.1 ಇತ್ತು. ಕ್ಯಾಲ್ಸಿಯಂ ಗ್ಲುಕೋನೇಟ್ ಡ್ರಿಪ್, ಮಾತ್ರೆ, ವಿಟಮಿನ್ ಡಿಯ ಸಕ್ರಿಯ ರೂಪವಾದ ಕ್ಯಾಲ್ಸಿಟ್ರಯೋಲ್ ಸೇರಿ ಒಂಬತ್ತನೆಯ ದಿನ ಮನೆಗೆ ಕಳಿಸುವಷ್ಟಕ್ಕೆ ಸ್ಥಿತಿ ಹದಕ್ಕೆ ಬಂತು. ಧ್ವನಿ ಸರಿಯಾಗಿತ್ತು. ಬಯಾಪ್ಸಿಯಲ್ಲಿ ಥೈಮಸ್‌ನೊಳಗಿನ ಪ್ಯಾರಾಥೈರಾಯ್ಡ್ ಅಡಿನೋಮ (ಕ್ಯಾನ್ಸರ್ ಅಲ್ಲದ ಗಡ್ಡೆ) ಎಂದು ಬಂತು.

ಕ್ಯಾಮೆರಾ ಮಾರಾಟಗಾರರಿಗೆ ಹಿಂದಿರುಗಿತು. ಖರೀದಿಸೋಣವೇ ಎಂದು ಆಡಳಿತದವರು ಕೇಳಿದಾಗ, ಮೊದಲ ಸಲದ ಸರಳ ಪ್ಯಾರಾಥೈರಾಯ್ಡ್ ಪ್ರಕರಣಗಳಿಗೆ ಅದು ಬೇಕಿಲ್ಲವೆಂದೇ ಬರೆದುಕೊಟ್ಟೆ. ಇಂಥ ಮರುಶಸ್ತ್ರಚಿಕಿತ್ಸೆಗಳು ನಮ್ಮಲ್ಲಿ ವರ್ಷಕ್ಕೆ ಒಂದೆರಡು. ಆದರೆ ನಮ್ಮ ಭಾಗದಲ್ಲಿ ತಂಬಾಕು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಬಂದವರು ಓಪಿಡಿಯಲ್ಲಿ ಕಡಿಮೆಯಿಲ್ಲ. ಕ್ಯಾನ್ಸರ್ ಮೊದಲು ಹರಡುವ ಲಿಂಫ್ ಗ್ರಂಥಿಯನ್ನು ಹುಡುಕಲೆಂದು ನಾಲಗೆಯ ಕೆಳಗಿನ ಗಂಟಿಗೆ ಚುಚ್ಚಿದ ವಿಕಿರಣ ಔಷಧಿಯ ಹೊಳಪು ಪಕ್ಕದ ಲಿಂಫ್ ಗ್ರಂಥಿಯನ್ನು ಮರೆಮಾಡುವ ತೊಂದರೆಗೆ ಹೀಗೆ ಓರೆಯಾಗಿ ನೋಡಬಲ್ಲ ಕ್ಯಾಮೆರಾ ನೆರವಾಗುತ್ತದೆ. ಆ ಕೆಲಸಕ್ಕೂ ಸೇರಿಸಿ ಬಳಸುವುದಾದರೆ ಮಾತ್ರ ಹಣ ಹಾಕಿ ಎಂದೆ. ಅದರ ಜೊತೆಗೆ, ಅದಕ್ಕಿಂತ ಮೊದಲು, ತ್ವರಿತ ಪಿಟಿಎಚ್ ಪರೀಕ್ಷೆಯ ವ್ಯವಸ್ಥೆ ಬೇಕೆಂದೂ ಬರೆದೆ. ಕಡತ ಇನ್ನೂ ಮೇಜಿನ ಮೇಲಿದೆ.

ಆರು ತಿಂಗಳ ಭೇಟಿಯಲ್ಲಿ ರೋಗಿಯ ಕ್ಯಾಲ್ಸಿಯಂ 9.2, ಪಿಟಿಎಚ್ 58 ಇದ್ದವು. ಆರು ತಿಂಗಳು ಕ್ಯಾಲ್ಸಿಯಂ ಸಾಮಾನ್ಯವಾಗಿದ್ದರೆ ಗುಣವೆಂದು ಪರಿಗಣಿಸುತ್ತೇವೆ. ದಿನಕ್ಕೆ ಎರಡು ಗಂಟೆ ಮಗ್ಗದಲ್ಲಿ ಕೂರುತ್ತಿದ್ದಾರೆ. ಆ ಸಲ ಅವರು ಒಂಟಿಯಾಗಿ ಬರಲಿಲ್ಲ, ತಮ್ಮ ಬೀದಿಯ ನಾಲ್ವರು ಹೆಂಗಸರನ್ನು ಕರೆದುಕೊಂಡು ಬಂದಿದ್ದರು, ಎಲ್ಲರಿಗೂ ಮೂಳೆನೋವು. ನಾಲ್ವರ ಕ್ಯಾಲ್ಸಿಯಮ್ಮೂ ಸಾಮಾನ್ಯವಾಗಿತ್ತು, ಇಬ್ಬರ ಮುಂಗೈ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವೆ ಸುಣ್ಣದ ಗೆರೆ ಎದ್ದು ಕಾಣುತ್ತಿತ್ತು. ಅವರದು ನೀರಿನ ನೋವೇ.